ಲಿಂಗಂಪಲ್ಲಿಯಲ್ಲಿ ಇಳಿದವರು

ವಾಡಿ ಬಿಟ್ಟ ರೈಲು ಚಿತ್ತಾಪುರ, ಮಳಖೇಡ, ಸೇಡಂ ದಾಟಿ ತಾಂಡೂರು ಸೇರುವಷ್ಟರಲ್ಲಿ ಬೋಗಿಯ ಮಾತು ಕನ್ನಡದಿಂದ ತೆಲುಗಿಗೆ ಹೊರಳಿರುತ್ತದೆ. ಕಿಟಕಿಯಾಚೆ ಫರಸಿ ಕಲ್ಲಿನ ಗಣಿಗಳು, ರಾಶಿ ಮುಗಿದು ಬರಿದಾದ ತೊಗರಿ ಹೊಲಗಳು, ಆಮೇಲೆ ವಿಕಾರಾಬಾದಿನ ಕುರುಚಲು ಕಾಡು. ಶಂಕರಪಲ್ಲಿ ಕಳೆದರೆ ಆಕಾಶದಂಚಿನಲ್ಲಿ ಕ್ರೇನುಗಳು ಕಾಣಿಸುತ್ತವೆ. ಆಗ ಬಾಗಿಲ ಬಳಿ ಒಂದೊಂದೇ ಗಂಟು ಬಂದು ಬೀಳತೊಡಗುತ್ತದೆ. ಜೋಳದ ಹಿಟ್ಟಿನ ಚೀಲ, ಕೌದಿಯಲ್ಲಿ ಸುತ್ತಿದ ಹಂಚು, ಪ್ಲಾಸ್ಟಿಕ್ ಕೊಡ, ಶೇಂಗಾ ಹಿಂಡಿ ತುಂಬಿದ ಡಬ್ಬಿ, ಮಡಚಿದ ತಾಡಪಾಲು. ಹೈದರಾಬಾದಿನ ಲಿಂಗಂಪಲ್ಲಿ ಬಂತೆಂದು ತಿಳಿಯಲು ಇವರ್ಯಾರೂ ಬೋರ್ಡು ಓದುವುದಿಲ್ಲ.

ಈ ಹಳಿ ಹಳೆಯದು. ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿದ್ದು 1874ರಲ್ಲಿ. ಆಗ ಕಲಬುರಗಿ, ರಾಯಚೂರು, ಬೀದರ್ ಎಲ್ಲ ಹೈದರಾಬಾದ್ ಸಂಸ್ಥಾನದ ಸೀಮೆ. ಕೋರ್ಟು, ಕಾಲೇಜು, ನೌಕರಿ ಯಾವುದಕ್ಕಾದರೂ ಇದೇ ದಾರಿ. 1956ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ, ರಾಜಧಾನಿ ದೂರದ ಬೆಂಗಳೂರಾಯಿತು. ಕೋರ್ಟು ಕಚೇರಿಗೆ ಹೋಗುವವರು ದಿಕ್ಕು ಬದಲಿಸಿದರು. ಕೂಲಿಗೆ ಹೋಗುವವರಿಗೆ ಹೊಸದಾಗಿ ಮುಂಬೈ, ಪುಣೆ, ಬೆಂಗಳೂರು ಸೇರಿಕೊಂಡವೇ ಹೊರತು ಹೈದರಾಬಾದಿನ ದಾರಿ ಮುಚ್ಚಲಿಲ್ಲ. ಮಳೆ ನಂಬಿದ ಒಣಭೂಮಿ, ವರ್ಷಕ್ಕೊಂದೇ ತೊಗರಿ ಬೆಳೆ. ಸಂಕ್ರಾಂತಿಯ ಆಸುಪಾಸಿನಲ್ಲಿ ರಾಶಿ ಮುಗಿಯಿತೆಂದರೆ ಮುಂದಿನ ಮಿರಗದ ಮಳೆಯವರೆಗೆ ಹೊಲದಲ್ಲಿ ಕೆಲಸವಿಲ್ಲ. ಗುಳೆ ಹೊರಡುವ ಕಾಲ ಅದು. ಶಾಲೆಯಲ್ಲಿ ವಾರ್ಷಿಕ ಪರೀಕ್ಷೆಗೆ ತಯಾರಿ ಶುರುವಾಗುವ ಕಾಲವೂ ಅದೇ.

ಲಿಂಗಂಪಲ್ಲಿಯಲ್ಲಿ ಗಂಟುಮೂಟೆಯವರ ಜೊತೆಗೆ ಇನ್ನೊಂದು ಬಗೆಯವರೂ ಇಳಿಯುತ್ತಾರೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಪಾರದರ್ಶಕ ಫೈಲು. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ, 1998ರ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ, ಎರಡೂ ಇಲ್ಲಿಂದ ಆಟೊ ದೂರದ ಗಚ್ಚಿಬೌಲಿಯಲ್ಲಿವೆ. ನಗರದ ಬೇರೆ ಬೇರೆ ಸಂಸ್ಥೆಗಳಿಗೆ ಹೋಗುವವರು ಇದೇ ನಿಲ್ದಾಣದಿಂದ ಎಂಎಂಟಿಎಸ್ ಲೋಕಲ್ ರೈಲು ಹತ್ತುತ್ತಾರೆ. ಕಲಬುರಗಿ ಕಡೆಯಿಂದ ಬಂದ ಒಬ್ಬ ಹುಡುಗಿಯ ಫೈಲಿನ ಮೇಲಿನ ಹಾಳೆ ಒಂದು ಸರ್ಟಿಫಿಕೇಟ್ ಕೋರ್ಸಿನ ಅರ್ಜಿ. ವಿಷಯ: ವಲಸೆ, ಮಹಿಳೆಯರು ಮತ್ತು ಮಕ್ಕಳು.

ಅರ್ಜಿಯ ಕೆಳಗೆ ಒಂದು ಸಂಸಾರಕ್ಕಾಗುವಷ್ಟು ಕಾಗದಗಳಿವೆ. ಅಂಕಪಟ್ಟಿಗಳು, ಟಿ.ಸಿ., ಗುಲಬರ್ಗಾ ವಿಶ್ವವಿದ್ಯಾಲಯ ಕೊಟ್ಟ ಮೈಗ್ರೇಷನ್ ಸರ್ಟಿಫಿಕೇಟ್, ಆಧಾರ್, ಪಾಸ್‌ಪೋರ್ಟ್ ಅಳತೆಯ ಫೋಟೊಗಳು, ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಪ್ರವೇಶದ ಮೇಜಿನ ಹಿಂದೆ ಕೂತ ಗುಮಾಸ್ತರು ಮೂಲಪತ್ರಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಹಸಿರು ಶಾಯಿಯಲ್ಲಿ ಗೀಟು ಹಾಕುತ್ತಾರೆ, ಬಿಟ್ಟುಹೋದ ಅಂಕಣದತ್ತ ಪೆನ್ನು ತೋರಿಸುತ್ತಾರೆ. ಶಾಶ್ವತ ವಿಳಾಸ. ಈಗಿನ ವಿಳಾಸ. ಹುಡುಗಿ ಮೊದಲನೆಯದರಲ್ಲಿ ಊರಿನ ಮನೆ ನಂಬರು ಬರೆದು, ಎರಡನೆಯದರಲ್ಲಿ ಹಾಸ್ಟೆಲಿನ ಹೆಸರು ತುಂಬಿದಳು. ಊರು ಬಿಟ್ಟು ಬಂದದ್ದಕ್ಕೆ ಅವಳ ವಿಶ್ವವಿದ್ಯಾಲಯವೇ ಸಹಿ ಮಾಡಿದೆ. ಬಂದು ಸೇರಿದ್ದಕ್ಕೆ ಇಲ್ಲಿನವರು ಮುದ್ರೆ ಒತ್ತಿದರು. ಮಧ್ಯಾಹ್ನದೊಳಗೆ ಪ್ರವೇಶ ಮುಗಿಯಿತು.

ಅವಳ ಜೊತೆಗೇ ರೈಲಿನಿಂದ ಇಳಿದವರು ಅಷ್ಟು ಹೊತ್ತಿಗೆ ನಲ್ಲಗಂಡ್ಲ, ತೆಲ್ಲಾಪುರ, ಕೊಲ್ಲೂರು, ಕೋಕಾಪೇಟೆಗಳ ಕಡೆ ಚದುರಿದ್ದರು.

ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಹಿಂದೆ ತಗಡಿನ ಶೆಡ್ಡುಗಳ ಸಾಲು. ಒಂದೊಂದಕ್ಕೂ ಒಂದೇ ಬಾಗಿಲು, ಕಿಟಕಿ ಇಲ್ಲ. ಸೂರ್ಯ ಏರಿದಂತೆ ತಗಡು ಕಾದು ಟಣ್ ಟಣ್ ಅನ್ನುತ್ತದೆ. ಸಾಲಿನ ಕೊನೆಗೆ ಟ್ಯಾಂಕರ್ ನೀರಿನ ಡ್ರಮ್ಮುಗಳು, ಅವುಗಳ ಪಕ್ಕದಲ್ಲಿ ಗೋಣಿ ಕಟ್ಟಿದ ಬಚ್ಚಲು. ಬಳ್ಳಾರಿ ಜಾಲಿಯ ನೆರಳಲ್ಲಿ ಸೀರೆಯ ಜೋಲಿ. ಜೋಲಿಯಲ್ಲಿ ಕೂಸು, ಅದನ್ನು ತೂಗುತ್ತಿರುವ ಹುಡುಗಿಗೆ ಹತ್ತು ವರ್ಷವಿರಬಹುದು. ಜನವರಿಯವರೆಗೆ ಊರಲ್ಲಿ ಅವಳು ನಾಲ್ಕನೇ ಇಯತ್ತೆ ಓದುತ್ತಿದ್ದಳು. ಈಗ ಅವಳ ಕೈಗೆ ಬಂದಿರುವ ಕೆಲಸಕ್ಕೆ ಕೂಲಿ ಇಲ್ಲ, ಹಾಜರಿ ಪುಸ್ತಕವಿಲ್ಲ. ಆ ಕೆಲಸ ನಡೆಯದಿದ್ದರೆ ಮಾತ್ರ ಅವಳವ್ವನ ಹಾಜರಿ ಬೀಳುವುದಿಲ್ಲ.

ಅವ್ವ ಮೇಲೆ ಸ್ಲ್ಯಾಬಿನಲ್ಲಿದ್ದಾಳೆ. ಬುಟ್ಟಿಯಲ್ಲಿ ಕಾಂಕ್ರೀಟು ಹೊತ್ತು ಮೇಲಿನವರಿಗೆ ದಾಟಿಸುವುದು, ಇಟ್ಟಿಗೆಗೆ ನೀರು ಹಾಕುವುದು, ಜಲ್ಲಿ ಸೋಸುವುದು ಅವಳ ಪಾಲಿನ ಕೆಲಸ. ಕಬ್ಬಿಣ ಕಟ್ಟುವವನಿಗೆ, ಗಿಲಾವು ಮಾಡುವವನಿಗೆ ಕೈಕಸುಬಿನ ದರ ಇದೆ. ಹೆಂಗಸು ಎಷ್ಟು ವರ್ಷ ದುಡಿದರೂ ಹೆಣ್ಣಾಳಿನ ದರ. ಮೇಸ್ತ್ರಿ ಲೆಕ್ಕ ಇಡುವುದು ಜೋಡಿಯ ಹೆಸರಲ್ಲಿ. ಊರಲ್ಲಿ ಮುಂಗಡ ಎಣಿಸಿಕೊಂಡವನು ಗಂಡ, ವಾರದ ಖರ್ಚಿ ಇಸಕೊಳ್ಳುವವನೂ ಅವನೇ.

ಊಟದ ಬಿಡುವಿನಲ್ಲಿ ಆಕೆ ಕೆಳಗಿಳಿದು, ರೊಟ್ಟಿ ಮುರಿಯುತ್ತ ಮಾತಿಗೆ ಸಿಕ್ಕಳು. "ನಮ್ಮದು ಸೇಡಂ ಕಡೀ ರೀ. ತೊಗರಿ ರಾಶಿ ಆತು, ಸಾಲ ಹಾಂಗೇ ಉಳೀತು. ಅದಕ್ಕ ಬಂದೀವಿ." ಇಲ್ಲಿನ ವಿಳಾಸವೇನು ಅಂದರೆ ನಕ್ಕಳು. "ಏಳನೇ ಟವರಿನ ಹಿಂದಿನ ಶೆಡ್ಡು ಅಂತ ಬರೀರಿ. ಟವರ್ ಮುಗೀತಂದ್ರ ಶೆಡ್ಡೂ ಕೀಳ್ತಾರ."

ಆಕೆಯ ಆಧಾರ್ ಕಾರ್ಡಿನಲ್ಲಿ ಇರುವುದು ಊರಿನ ವಿಳಾಸ. ಆ ವಿಳಾಸಕ್ಕೆ ಸರ್ಕಾರ ಕೊಟ್ಟದ್ದರಲ್ಲಿ ಎಷ್ಟು ರೈಲು ಹತ್ತಿ ಬರುತ್ತದೆ, ಎಷ್ಟು ಗಡಿಯಲ್ಲೇ ನಿಲ್ಲುತ್ತದೆ ಎಂದು ಒಂದೊಂದಾಗಿ ನೋಡಿದರೆ ವಲಸೆಯ ಅರ್ಧ ಪಾಠ ಇಲ್ಲೇ ಮುಗಿಯುತ್ತದೆ.

ಬಸ್ಸಿನಿಂದಲೇ ಹಿಡಿಯೋಣ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ. ಊರಿಂದ ಸೇಡಂ ಸಂತೆಗೆ ಹೋಗಿಬರಲು ಆಕೆಗೆ ಶೂನ್ಯ ಟಿಕೆಟ್. ತೆಲಂಗಾಣದಲ್ಲಿ ಅದೇ ವರ್ಷ ಡಿಸೆಂಬರ್ 9ರಿಂದ ಮಹಾಲಕ್ಷ್ಮಿ ಯೋಜನೆ. ಅಲ್ಲಿಯೂ ಹೆಂಗಸರಿಗೆ ಬಸ್ಸು ಉಚಿತ. ಎರಡೂ ಕಡೆ ಉಚಿತವಿದ್ದರೂ ಲಿಂಗಂಪಲ್ಲಿಯ ಸಿಟಿ ಬಸ್ಸಿನಲ್ಲಿ ಕಂಡಕ್ಟರು ಆಧಾರ್ ನೋಡಿ, ತೆಲಂಗಾಣದ ವಿಳಾಸವಿಲ್ಲದ್ದಕ್ಕೆ ಟಿಕೆಟ್ ಹರಿಯುತ್ತಾನೆ. ಪಕ್ಕದ ಸೀಟಿನಲ್ಲಿ ಕೂತ, ತೆಲಂಗಾಣದ್ದೇ ಆದ ಪಾಲಮೂರಿನ ಕೂಲಿ ಹೆಂಗಸು, ಅದೇ ಸೈಟಿನಲ್ಲಿ ಅದೇ ಬುಟ್ಟಿ ಹೊರುವವಳು, ದುಡ್ಡು ಕೊಡಬೇಕಿಲ್ಲ.

ರೇಷನ್ ಹಾಗಲ್ಲ. 2019ರ ಆಗಸ್ಟಿನಲ್ಲಿ ತೆಲಂಗಾಣ–ಆಂಧ್ರ, ಮಹಾರಾಷ್ಟ್ರ–ಗುಜರಾತ್ ಜೋಡಿಗಳಲ್ಲಿ ಪ್ರಯೋಗವಾಗಿ ಶುರುವಾದ 'ಒಂದು ದೇಶ, ಒಂದು ಪಡಿತರ ಚೀಟಿ' 2020ರ ಜನವರಿ 1ಕ್ಕೆ 12 ರಾಜ್ಯಗಳಿಗೆ ಹಬ್ಬಿತು. ಕರ್ನಾಟಕವೂ ತೆಲಂಗಾಣವೂ ಅದರೊಳಗಿದ್ದವು. ಸೇಡಂ ಕಡೆಯ ಬಿಪಿಎಲ್ ಕಾರ್ಡಿನ ಅಕ್ಕಿಯನ್ನು, ಆಹಾರ ಭದ್ರತಾ ಕಾಯ್ದೆ ಗೊತ್ತುಮಾಡಿದ ತಲೆಗೆ ಐದು ಕೆ.ಜಿ.ಯನ್ನು, ಲಿಂಗಂಪಲ್ಲಿಯ ಅಂಗಡಿಯಲ್ಲಿ ಎತ್ತಬಹುದು. ಅಲ್ಲಿ ಕಾಡುವುದು ಬೇರೊಂದು: ಸಿಮೆಂಟು ತಿಂದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಒಂದು ಬೆರಳು, ಇನ್ನೊಂದು ಬೆರಳು, ಒರೆಸಿಕೊಂಡು ಮತ್ತೊಮ್ಮೆ. ಹಿಂದೆ ನಿಂತವರು ಗೊಣಗುತ್ತಾರೆ. ಆದರೂ ಈ ಅಕ್ಕಿಯಾದರೂ ಆಕೆಯ ಹಿಂದೆ ಬರುತ್ತದೆ. ನಾಲ್ಕಾರು ಇಲಾಖೆಗಳಲ್ಲಿ ಒಂದಾದರೂ ಮನುಷ್ಯರು ನಡೆಯುತ್ತಾರೆಂಬುದನ್ನು ಒಪ್ಪಿಕೊಂಡಿದೆ.

ಅಂಗನವಾಡಿಯದು ಇವೆರಡರ ನಡುವಿನ ಕತೆ. ತೆಲಂಗಾಣದ ಆರೋಗ್ಯಲಕ್ಷ್ಮಿ ಯೋಜನೆ ಬಸುರಿ ಬಾಣಂತಿಯರಿಗೆ ದಿನಕ್ಕೊಂದು ಪೂರ್ಣ ಊಟ, ಮೊಟ್ಟೆ, 200 ಮಿ.ಲೀ. ಹಾಲು ಕೊಡುತ್ತದೆ. ಕೇಂದ್ರಕ್ಕೇ ಬಂದು ಉಣ್ಣಬೇಕು. ಪಾಲು ಮನೆಗೆ ಹೋದರೆ ಗಂಡ ಮಕ್ಕಳಿಗೆ ಬಡಿಸಿ ತಾನು ಉಳಿದದ್ದು ಉಣ್ಣುವ ನಮ್ಮ ಹೆಣ್ಣುಮಕ್ಕಳ ಬುದ್ಧಿ ಗೊತ್ತಿದ್ದೇ ಮಾಡಿದ ನಿಯಮ. ಕಟ್ಟಡದ ಕೆಲಸದಲ್ಲಿ ಅದೇ ನಿಯಮ ತಿರುಗುಬಾಣ. ಸೈಟಿನಿಂದ ಕೇಂದ್ರಕ್ಕೆ ನಡೆದು ಹೋಗಿ ಉಂಡು ಬರುವಷ್ಟರಲ್ಲಿ ಅರ್ಧ ಹಾಜರಿ ಹೋಗುತ್ತದೆ. ಸರ್ವೆಗೆ ಬರುವ ಅಂಗನವಾಡಿ ಕಾರ್ಯಕರ್ತೆ ಮನೆ ನಂಬರು ಹಿಡಿದು ಓಣಿ ಓಣಿ ತಿರುಗುತ್ತಾಳೆ. ಸೆಕ್ಯೂರಿಟಿಯವನು ಕಾಯುವ ಗೇಟಿನೊಳಗೆ, ನಂಬರಿಲ್ಲದ ಶೆಡ್ಡುಗಳಲ್ಲಿ, ಬಸುರಿಯೊಬ್ಬಳು ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಗಡಿಗೆ ಸಿಕ್ಕಿಸಿಟ್ಟಿದ್ದಾಳೆಂಬುದು ಆಕೆಯ ಪಟ್ಟಿಗೆ ಹತ್ತುವುದಿಲ್ಲ.

ಹೊರಗೆ ಹೋಗುವುದೇಕೆ, ಸೈಟಿನಲ್ಲೇ ಶಿಶುಪಾಲನಾ ಕೋಣೆ ಇರಬೇಕಲ್ಲ? 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹಾಗೆಂದಿತ್ತು. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕಟ್ಟಬೇಕು, ನೋಡಿಕೊಳ್ಳಲು ತರಬೇತಾದ ಹೆಂಗಸನ್ನು ಇಡಬೇಕು. ಕೆಲಸ ಹತ್ತು ಉಪಗುತ್ತಿಗೆದಾರರಲ್ಲಿ ಹಂಚಿಹೋದಾಗ ಯಾರ ಪುಸ್ತಕದಲ್ಲೂ 50 ಹೆಂಗಸರು ಕಾಣುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಹೆಂಗಸರನ್ನಷ್ಟೇ ಎಣಿಸುವುದನ್ನು ಬಿಟ್ಟು, 50ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಈ ಸೌಕರ್ಯ ಇರಬೇಕು ಅನ್ನುತ್ತದೆ. ಕೂಸು ಅವ್ವನದ್ದಷ್ಟೇ ಅಲ್ಲ, ಅಪ್ಪನದೂ ಹೌದು ಎಂದು ಕಾನೂನಿಗೆ ಹೊಳೆಯಲು ಇಷ್ಟು ವರ್ಷ ಹಿಡಿಯಿತು. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರಿಗಾಗಿ ಕರ್ನಾಟಕ ಗ್ರಾಮ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ತೆರೆದಿದೆ. ಊರಲ್ಲಿ ದುಡಿಯುವವಳ ಕೂಸಿಗೆ ಅದು ಆಸರೆ. ಗುಳೆ ಹೊರಟವಳ ಕೂಸಿಗೆ ಜೋಲಿಯೇ ಗತಿ.

ಜೋಲಿ ತೂಗುವ ಹುಡುಗಿಯ ಶಾಲೆ? ಕಾನೂನು ಇಲ್ಲಿ ಉದಾರವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಜನನ ಪತ್ರವಿಲ್ಲವೆಂದು, ಟಿ.ಸಿ. ತಡವಾಯಿತೆಂದು, ವರ್ಷದ ನಡುವೆ ಬಂದರೆಂದು ತಿರುಗಿ ಕಳಿಸುವಂತಿಲ್ಲ. ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರು ಒಳ್ಳೆಯವರಾದರೆ ಹೆಸರು ಹಚ್ಚಲು ಐದು ನಿಮಿಷ ಸಾಕು. ಆರನೆಯ ನಿಮಿಷಕ್ಕೆ ಹುಡುಗಿಯ ಕೈಗೆ ತೆಲುಗು ಪುಸ್ತಕ ಬರುತ್ತದೆ. ಅಕ್ಷರಗಳು ಕನ್ನಡದಂತೆಯೇ ಗುಂಡಗೆ ಕಾಣುತ್ತವೆ, ಕೂಡಿಸಿ ಓದಿದರೆ ಅರ್ಥವಾಗುವುದಿಲ್ಲ. ನಾಲ್ಕನೆಯ ತರಗತಿಯ ಜಾಣೆ ಹಿಂದಿನ ಬೆಂಚಿನ ಮೂಕಿಯಾಗುತ್ತಾಳೆ. ವಾರ ಕಳೆದ ಮೇಲೆ ಜೋಲಿ ತೂಗುವುದೇ ಮೇಲು ಅನ್ನಿಸುತ್ತದೆ.

ಕನ್ನಡ ಶಾಲೆ ಈ ನಗರಕ್ಕೆ ಹೊಸದೇನಲ್ಲ. ಕಾಚಿಗುಡದಲ್ಲಿ ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ. ನಾರಾಯಣಪೇಟೆ ಜಿಲ್ಲೆಯ ಗಡಿಯೂರುಗಳಲ್ಲಿ ತೆಲಂಗಾಣ ಸರ್ಕಾರದವೇ ಕನ್ನಡ ಮಾಧ್ಯಮದ ಶಾಲೆಗಳಿವೆ. ನಿಜಾಮರ ಕಾಲದಿಂದ ಇಲ್ಲಿ ನೆಲೆನಿಂತ ಕನ್ನಡಿಗರು ಅವುಗಳ ಸುತ್ತ ಮನೆ, ಮಠ, ಸಂಘ ಕಟ್ಟಿಕೊಂಡರು. ತೆಲ್ಲಾಪುರದ ಶೆಡ್ಡಿನಿಂದ ಕಾಚಿಗುಡ ನಗರದ ಇನ್ನೊಂದು ತುದಿ. ನಾಲ್ಕು ತಿಂಗಳ ಮಟ್ಟಿಗೆ ಬಂದ ಕೂಲಿಯ ಮಗಳಿಗೆ ಅದು ಸೇಡಮ್ಮಿಗಿಂತಲೂ ದೂರ.

ಇದಕ್ಕೂ ದಾರಿ ಕಂಡವರಿದ್ದಾರೆ. ನಗರದ ಸುತ್ತಣ ಇಟ್ಟಿಗೆ ಭಟ್ಟಿಗಳಿಗೆ ಒಡಿಶಾದ ಬಲಾಂಗೀರ್, ನುವಾಪಡಾ ಜಿಲ್ಲೆಗಳಿಂದ ಸಂಸಾರಗಳೇ ಬರುತ್ತವೆ. ಅಲ್ಲಿ ನುವಾಖಾಯಿ ಹಬ್ಬ ಮುಗಿಯುತ್ತಲೇ ಸರ್ದಾರ ಮುಂಗಡ ಹಂಚುತ್ತಾನೆ. ಮುಂಗಡ ಒಬ್ಬನಿಗಲ್ಲ, 'ಪಥುರಿಯಾ'ಕ್ಕೆ: ಗಂಡ, ಹೆಂಡತಿ, ಜೊತೆಗೊಂದು ಮಗು ಸೇರಿದ ಘಟಕ ಅದು. ಅಪ್ಪ ಅಚ್ಚು ಹೊಡೆಯುತ್ತಾನೆ, ಅವ್ವ ಕೆಸರು ಕಲಸುತ್ತಾಳೆ, ಮಗು ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಮಗ್ಗುಲು ಹೊರಳಿಸುತ್ತದೆ. ಹಗುರ ಪಾದದವರು ನಡೆದರೆ ಇಟ್ಟಿಗೆ ಅಮುಕುವುದಿಲ್ಲವಲ್ಲ. ಕೂಲಿಯ ಲೆಕ್ಕದಲ್ಲೇ ಮಗುವನ್ನು ಸೇರಿಸಿಕೊಂಡ ಉದ್ಯಮ ಇದು. ಇಂಥ ಭಟ್ಟಿಗಳ ಮಗ್ಗುಲಲ್ಲಿ ಒಡಿಯಾ ಮಾಧ್ಯಮದ ಶಾಲೆಗಳು ನಡೆದಿವೆ. ಪಠ್ಯಪುಸ್ತಕ ಒಡಿಶಾದಿಂದ ತರಿಸಿ, ಒಡಿಯಾ ಬಲ್ಲವರನ್ನೇ ಕಲಿಸಲು ಇಟ್ಟು, ಮಳೆಗಾಲಕ್ಕೆ ಮಗು ಊರಿಗೆ ಮರಳಿದಾಗ ಅದೇ ತರಗತಿಯಲ್ಲಿ ಕೂರಲು ಅನುವಾಗುವಂತೆ ಮಾಡಿದ ಏರ್ಪಾಟು. ಎಲ್ಲ ಭಟ್ಟಿಗಳಲ್ಲೂ ಇಲ್ಲ. ಇದ್ದಲ್ಲಿ ಮಗು ಓದುತ್ತದೆ. ಕಲಬುರಗಿಯ ಕನ್ನಡ ಪುಸ್ತಕಗಳು ಇದೇ ಹಳಿಯ ಮೇಲೆ ಲಿಂಗಂಪಲ್ಲಿಗೆ ಬರಲಾರವೇ?

ಮಗುವನ್ನು ದುಡಿತದಿಂದ ಬಿಡಿಸಿ ಶಾಲೆಗೆ ಸೇರಿಸುವ ಕೆಲಸದಲ್ಲಿ ಈ ಸೀಮೆಗೆ ಒಳ್ಳೆಯ ಪರಂಪರೆಯೇ ಇದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಶಾಂತಾ ಸಿನ್ಹಾ ತರಗತಿಯಿಂದ ಹೊರಬಂದು ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಿಗೆ ನಡೆದರು. ಎಂ.ವಿ. ಫೌಂಡೇಶನ್ ಮೂಲಕ ಜೀತದ ಮಕ್ಕಳನ್ನು ಸೇತುಬಂಧ ಶಿಬಿರಗಳಲ್ಲಿ ಓದಿಗೆ ಹದಗೊಳಿಸಿ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದರು. ಶಾಲೆಯಿಂದ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂಬುದು ಅವರ ನಿಲುವು. ಕೂಲಿ ಸಿಗಲಿ ಬಿಡಲಿ, ಜೋಲಿ ತೂಗುವವಳೂ ಆ ಲೆಕ್ಕದಲ್ಲಿ ಬರುತ್ತಾಳೆ. 2003ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು, 2007ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷರಾದರು. ಕರ್ನಾಟಕದ ಚಿಣ್ಣರ ಅಂಗಳ, ಟೆಂಟ್ ಶಾಲೆಗಳೂ ಇದೇ ಬಗೆಯ ಯೋಚನೆಯವು.

ಅಷ್ಟಾದರೂ ಹಳೆಯ ನಗರದ ಕತ್ತಲೆ ಕೋಣೆಗಳಿಗೆ ಬಿಹಾರದಿಂದ ಹುಡುಗರು ಬರುವುದು ನಿಂತಿಲ್ಲ. 2015ರ ಜನವರಿಯಲ್ಲಿ ಪೊಲೀಸರು ಬಳೆ ತಯಾರಿಸುವ ಕೋಣೆಗಳಿಗೆ ನುಗ್ಗಿದಾಗ ಸಿಕ್ಕ ಮಕ್ಕಳು ಇನ್ನೂರಕ್ಕೂ ಹೆಚ್ಚು. ಲಾಡ್ ಬಜಾರಿನ ದೀಪದಡಿ ಹೊಳೆಯುವ ಅರಗಿನ ಬಳೆಗೆ ಕಲ್ಲು ಕೂರಿಸಲು ಸಣ್ಣ ಬೆರಳು ಬೇಕಂತೆ.

ಹೆಂಗಸರ ವಲಸೆ ಲೆಕ್ಕದಲ್ಲೇ ಕರಗಿಹೋಗುವುದು ಇನ್ನೊಂದು ಸೋಜಿಗ. 2011ರ ಜನಗಣತಿ ದೇಶದೊಳಗೆ ನೆಲೆ ಬದಲಿಸಿದವರು 45 ಕೋಟಿ ಎಂದಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಆ ಹೆಂಗಸರಲ್ಲಿ ಬಹುಪಾಲಿನವರು ಕೊಟ್ಟ ಕಾರಣ ಮದುವೆ. ಗಣತಿದಾರ ಕೇಳುವುದು ಒಂದೇ ಕಾರಣ. ಮದುವೆಯಾಗಿ ಗಂಡನ ಊರಿಗೆ ಹೋದವಳು, ಆ ಊರಿಂದ ಗಂಡನ ಜೊತೆಗೆ ಗುಳೆ ಬಂದು ಹನ್ನೆರಡನೆಯ ಅಂತಸ್ತಿಗೆ ಕಾಂಕ್ರೀಟು ಹೊತ್ತವಳು, ಕಾಗದದ ಮೇಲೆ ಹೆಂಡತಿಯಾಗಿಯೇ ಉಳಿಯುತ್ತಾಳೆ. ಗಂಡ 'ಕೆಲಸಕ್ಕಾಗಿ' ಬಂದವನು, ಹೆಂಡತಿ 'ಮನೆಯವರ ಜೊತೆ' ಬಂದವಳು. ಸ್ಲ್ಯಾಬಿನ ಮೇಲೆ ಇಬ್ಬರ ತಲೆಯ ಮೇಲೂ ಬುಟ್ಟಿ ಇದೆ.

ಇವರೆಲ್ಲ ಒಟ್ಟಿಗೆ ದೇಶದ ಕಣ್ಣಿಗೆ ಬಿದ್ದದ್ದು ಒಮ್ಮೆ ಮಾತ್ರ. 2020ರ ಲಾಕ್‌ಡೌನಿನಲ್ಲಿ ಸಂಗಾರೆಡ್ಡಿ ಬಳಿಯ ಕಂದಿಯಲ್ಲಿ ಐಐಟಿ ಕಟ್ಟಡ ಕಟ್ಟುತ್ತಿದ್ದ ಕಾರ್ಮಿಕರು ಏಪ್ರಿಲ್ ಕೊನೆಗೆ ಸಿಡಿದೆದ್ದರು: ಕೂಲಿ ಕೊಡಿ, ಊರಿಗೆ ಕಳಿಸಿ. ಮೇ 1ರ ಬೆಳಗಿನ ಜಾವ, ಐದು ಗಂಟೆಯೂ ಆಗಿರಲಿಲ್ಲ, ಸುಮಾರು 1,200 ಜನರನ್ನು ಹೊತ್ತ ದೇಶದ ಮೊದಲ ಶ್ರಮಿಕ ರೈಲು ಜಾರ್ಖಂಡಿನ ಹಟಿಯಾಕ್ಕೆ ಹೊರಟಿತು. ಹೊರಟದ್ದು ಇದೇ ಲಿಂಗಂಪಲ್ಲಿಯಿಂದ. ಅದಕ್ಕೆ ಎರಡು ವಾರ ಮೊದಲು, ಮುಲುಗು ಜಿಲ್ಲೆಯ ಮೆಣಸಿನಕಾಯಿ ಹೊಲದಲ್ಲಿ ದುಡಿಯುತ್ತಿದ್ದ 12 ವರ್ಷದ ಬಾಲೆಯೊಬ್ಬಳು ಛತ್ತೀಸಗಢದ ಬಿಜಾಪುರದ ತನ್ನೂರಿಗೆ ಕಾಡಿನ ಹಾದಿಯಲ್ಲಿ ನಡೆಯುತ್ತ ಹೊರಟು, ಮನೆ ಮುಟ್ಟುವ ಮುನ್ನ ತೀರಿಕೊಂಡಿದ್ದಳು.

ಆಗ ಎಲ್ಲರ ಬಾಯಲ್ಲಿ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಹೆಸರು. ಗುತ್ತಿಗೆದಾರ ಪ್ರತಿ ಕೂಲಿಯವನಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಹೋಗಿಬರುವ ಖರ್ಚು ಕೊಡಬೇಕು ಎಂದು ಅದು ಹೇಳುತ್ತಿತ್ತು. ಗುತ್ತಿಗೆದಾರನ ಮೂಲಕ ನೇಮಕವಾದವರಿಗಷ್ಟೇ ಅದು ಅನ್ವಯ. ತಾವಾಗಿ ರೈಲು ಹತ್ತಿ ಬಂದವರು ಹೊರಗೇ ಉಳಿದರು. ಹೊಸ ಸಂಹಿತೆ ತಾವಾಗಿ ಬಂದವರನ್ನೂ ಒಳಗೆ ಕರೆದಿದೆ. ಆದರೆ 10 ಜನರಿಗಿಂತ ಕಡಿಮೆ ಇರುವ ಕಡೆ ಅದಕ್ಕೆ ಕಣ್ಣಿಲ್ಲ. ಮನೆಗೆಲಸಕ್ಕೆ ಹೋಗುವ ಒಂಟಿ ಹೆಂಗಸಿನ ಕತೆ ಅಲ್ಲಿಗೆ ಮುಗಿಯಿತು.

ಕೋರ್ಸಿಗೆ ಸೇರಿದ ಹುಡುಗಿ ಮುಂದಿನ ತಿಂಗಳುಗಳಲ್ಲಿ ಈ ಕಾಯ್ದೆಗಳನ್ನೆಲ್ಲ ಓದುತ್ತಾಳೆ, ಕಲಮುಗಳ ನಂಬರು ಬಾಯಿಪಾಠ ಮಾಡುತ್ತಾಳೆ, ಕೊನೆಗೊಂದು ಪ್ರಬಂಧ ಬರೆಯುತ್ತಾಳೆ. ಓದಬೇಕಾದ್ದೇ. ಪರೀಕ್ಷೆ ಮಾತ್ರ ಬೇರೆ ಥರ ಇರಲಿ ಎಂದು ನನ್ನ ಆಸೆ. ಪ್ರತಿ ವಿದ್ಯಾರ್ಥಿಗೂ ಒಂದು ಶೆಡ್ಡಿನ ಸಂಸಾರ ಒಪ್ಪಿಸಬೇಕು. ಎಂಟು ದಿನದೊಳಗೆ ಬಸುರಿಯ ಹೆಸರು ಅಂಗನವಾಡಿಯಲ್ಲಿ, ಹುಡುಗಿಯ ಹೆಸರು ಶಾಲೆಯಲ್ಲಿ, ಅವ್ವನ ಹೆಸರು ಅಪ್ಪನ ಹೆಸರಿನಿಂದ ಬೇರೆಯಾಗಿ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಇರಬೇಕು. ರೇಷನ್ ಅಂಗಡಿಯಲ್ಲಿ ಅಕ್ಕಿ ಬಿದ್ದಿರಬೇಕು. ಒಂದೊಂದಕ್ಕೆ 25 ಅಂಕ. ಎಲ್ಲಿ ಬಾಗಿಲು ಮುಚ್ಚಿತು, ಯಾರು ಯಾವ ನಿಯಮ ಹೇಳಿ ಮುಚ್ಚಿದರು ಎಂದು ಬರೆದದ್ದೇ ಅವರ ಪ್ರಬಂಧ. ನೂರು ಪ್ರಬಂಧ ಸೇರಿದರೆ ಎರಡು ಸರ್ಕಾರಗಳೂ ಓದಲೇಬೇಕಾದ ಪುಸ್ತಕವಾಗುತ್ತದೆ.

ಸೇಡಂ ಕಡೆಯ ಆ ಹೆಣ್ಣುಮಗಳಿಗೆ ಇದನ್ನು ಹೇಳಿ, ಅಂಕ ಹಾಕುವ ಕೆಲಸ ನಿಮಗೇ ಕೊಟ್ಟರೆ ಹೇಗೆ ಎಂದು ಕೇಳಿದೆ. ಉಳಿದ ರೊಟ್ಟಿಯನ್ನು ಮಗಳ ಕೈಗಿಟ್ಟು ಎದ್ದಳು. "ಹಾಕ್ತೀನಿ ಬಿಡ್ರಿ. ಆದ್ರ ಎಂಟು ದಿನ ಭಾಳ ಆತು. ನಮ್ಮ ಮೇಸ್ತ್ರಿ ಒಂದ ದಿನದಾಗ ಹೆಸರ ಬರಕೋತಾನ."